ಕೆಳಗಿನಿಂದ ಕಾಣದ ಇಳಿಜಾರು

ನಮ್ಮ ಮನೆಯಲ್ಲಿ ರೇಡಿಯೊ ಇದ್ದದ್ದು ನಡುಮನೆಯ ಗೂಡಿನಲ್ಲಿ. ಮರ್ಫಿ ಕಂಪನಿಯದು. ಅದರ ಕಿವಿ ತಿರುಗಿಸುವ ಅಧಿಕಾರ ಅಪ್ಪನಿಗೆ ಮಾತ್ರ. ನಾನು ಹೇಳುತ್ತಿರುವುದು 1980ರ ಆಸುಪಾಸಿನ ಮಾತು. ಬಿಳೇಕಹಳ್ಳಿ ಆಗ ಹೆಸರಿಗಷ್ಟೇ ಅಲ್ಲ, ನಿಜಕ್ಕೂ ಹಳ್ಳಿಯೇ. ಈಗ ಮೆಟ್ರೊ ಕಂಬಗಳು ಸಾಲಾಗಿ ನಿಂತಿರುವ ಬನ್ನೇರುಘಟ್ಟ ರಸ್ತೆಯ ಎರಡೂ ಕಡೆ ರಾಗಿ ಹೊಲ, ಅವರೆ ಸಾಲು. ನಮ್ಮಪ್ಪ ಬೆಳೆದ ತರಕಾರಿಯನ್ನು ನಸುಕಿನಲ್ಲಿ ಮಾರುಕಟ್ಟೆಗೆ ಹಾಕಿ ಬಂದರೆ ಮತ್ತೆ ಸಂಜೆಯವರೆಗೆ ಹೊಲದಲ್ಲೇ. ರಾತ್ರಿ ಊಟವಾದ ಮೇಲೆ ಅವರ ಪ್ರಪಂಚ ಆ ರೇಡಿಯೊ.

ಹಗಲಿನಲ್ಲಿ ಅದಕ್ಕೆ ಬೆಂಗಳೂರು ಆಕಾಶವಾಣಿ ಬಿಟ್ಟರೆ ಬೇರೆ ಊರೇ ಗೊತ್ತಿರಲಿಲ್ಲ. ಕತ್ತಲಾಗುತ್ತಿದ್ದಂತೆ ಮಾತ್ರ ಅದೇ ಮುಳ್ಳು, ಅದೇ ಅಂಕಿಗಳ ನಡುವೆ ತಿರುಚಿ, ಹೈದರಾಬಾದು ಒಂದೊಂದಾಗಿ ಎದ್ದು ಬರುತ್ತಿದ್ದವು. ಬುಧವಾರ ರಾತ್ರಿ ಎಂಟಕ್ಕೆ ಶಾರ್ಟ್‌ವೇವ್‌ಗೆ ತಿರುಗಿಸಿದರೆ ಸಿಲೋನ್ ರೇಡಿಯೊದ ಬಿನಾಕಾ ಗೀತಮಾಲಾ. ಅಮೀನ್ ಸಯಾನಿಯವರ ದನಿ ಅಲೆಯಂತೆ ಉಬ್ಬಿ, ಕುಗ್ಗಿ, ಇನ್ನೇನು ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಹಿಂದಿ ನಮಗಾರಿಗೂ ಬರುತ್ತಿರಲಿಲ್ಲ. ಆದರೂ ಕೇಳುತ್ತಿದ್ದೆವು.

ಒಂದು ರಾತ್ರಿ ನಾನು ಅಪ್ಪನನ್ನು ಕೇಳಿದೆ. "ಹಗಲು ಯಾಕಪ್ಪಾ ಇವೆಲ್ಲ ಬರಲ್ಲ?"

ಮೂರನೇ ಕ್ಲಾಸಿಗೆ ಓದು ಬಿಟ್ಟಿದ್ದ ಅಪ್ಪ ಬೀಡಿ ಆರಿಸಿ, ಸ್ವಲ್ಪ ಯೋಚಿಸಿ ಹೇಳಿದರು. "ಹಗಲೊತ್ತು ಮೇಲೆಲ್ಲಾ ಬಗ್ಗಡ ಕಣ್ಲಾ. ರಾತ್ರಿ ತಿಳಿಯಾಯ್ತದೆ. ತಿಳಿಯಾದ್ಮೇಲೆ ದೂರದ್ದೂ ಕೇಳ್ತದೆ."

ಮುಂದೆ ಜಯನಗರದಲ್ಲಿ ಬಿಎಸ್‌ಸಿ ಓದುವಾಗ ಈ ಮಾತು ನೆನಪಾಗಿ ನಕ್ಕಿದ್ದೆ. ರೇಡಿಯೊ ತರಂಗಕ್ಕೆ ಬಗ್ಗಡವೇನು, ತಿಳಿಯೇನು! ಆ ನಗು ಎಷ್ಟು ಹಗುರವಾದದ್ದು ಎಂದು ನನಗೆ ಗೊತ್ತಾಗಬೇಕಾದರೆ ಇಪ್ಪತ್ತು ವರ್ಷ ಕಳೆಯಬೇಕಾಯಿತು. ಜೊತೆಗೆ ಒಬ್ಬ ಹುಡುಗಿಯ ಪ್ರಶ್ನೆಯೂ ಬೇಕಾಯಿತು.

ಅದು 2011ರ ಮಾತು. ಒಂಬತ್ತನೇ ತರಗತಿ. ವಾಯುಮಂಡಲದ ಪದರಗಳನ್ನು ಪಾಠ ಮಾಡುತ್ತಿದ್ದೆ. ಮೇಲಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ ಎಂದು ಹೇಳಿ, ಅದಾದ ಮೇಲೆ ಅಯಾನುಮಂಡಲಕ್ಕೆ ಬಂದು, ಬೋರ್ಡಿನ ಮೇಲೆ ಮೂರು ಮೆಟ್ಟಿಲು ಬರೆದೆ. ಕೆಳಗೆ ಡಿ ಪದರ, ನಡುವೆ ಇ, ಮೇಲೆ ಎಫ್. ಡಿ ಪದರದಲ್ಲಿ ಅಯಾನುಗಳು ಕಡಿಮೆ, ಇ ಪದರದಲ್ಲಿ ಹೆಚ್ಚು, ಎಫ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು. ಮಕ್ಕಳು ಬರೆದುಕೊಂಡರು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ತಾಯಿ ಗಾರ್ಮೆಂಟ್ಸ್‌ಗೆ ಹೋಗುವಾಕೆ, ತಂದೆ ಗಾರೆ ಕೆಲಸದವರು. ತರಗತಿಯಲ್ಲಿ ಮಾತಾಡಿದವಳೇ ಅಲ್ಲ.

"ಸಾರ್, ಮೇಲೆ ಹೋದಷ್ಟೂ ಗಾಳಿ ಕಮ್ಮಿ ಅಂದ್ರಿ. ಅಯಾನು ಆಗೋದು ಗಾಳಿಯಿಂದಾನೇ ಅಂದ್ರಿ. ಮತ್ತೆ ಮೇಲಿನ ಪದರದಲ್ಲೇ ಅಯಾನು ಜಾಸ್ತಿ ಹೇಗೆ ಸಾರ್? ಇಲ್ಲದ ಗಾಳಿಯಿಂದ ಎಲ್ಲಿಂದ ಬರುತ್ತೆ?"

ಗಂಟೆ ಹೊಡೆಯಲು ಐದು ನಿಮಿಷವಿತ್ತು. ಪಾಠ ಮುಗಿಸುವ ಆತುರ ನನಗೆ. "ಅದೆಲ್ಲ ಪರೀಕ್ಷೆಗೆ ಬರಲ್ಲಮ್ಮ, ಕೂತ್ಕೋ" ಅಂದೆ. ನಾಲ್ಕಾರು ಮಕ್ಕಳು ನಕ್ಕರು. ಅವಳು ಕೂತಳು.

ಪೋಷಕರೇ, ಇಲ್ಲೊಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಅವಳನ್ನು ಕೂರಿಸಲಿಲ್ಲ. ಉತ್ತರ ನನಗೇ ಗೊತ್ತಿರಲಿಲ್ಲ. ಪದವಿ ಪಡೆದು ಅಷ್ಟು ವರ್ಷ ಪಾಠ ಮಾಡಿದ್ದರೂ ಆ ಮೂರು ಮೆಟ್ಟಿಲುಗಳನ್ನು ಬರೆದಾಗ ಒಮ್ಮೆಯಾದರೂ ನನಗೆ ಹೊಳೆಯದ ವಿರೋಧ ಹದಿನಾಲ್ಕರ ಹುಡುಗಿಗೆ ಹೊಳೆದಿತ್ತು.

ಅಂದು ಸಂಜೆ ಅಟ್ಟದಿಂದ ಹಳೆಯ ಬಿಎಸ್‌ಸಿ ನೋಟ್ಸು ಇಳಿಸಿದೆ. ಅದರಲ್ಲಿ ಅರ್ಧ ಉತ್ತರವಿತ್ತು. ಉಳಿದರ್ಧಕ್ಕೆ ಗ್ರಂಥಾಲಯ ಸುತ್ತಿದೆ. ಒಂದು ತಿಂಗಳ ನಂತರ ನನಗೆ ತಿಳಿದದ್ದು ಇಷ್ಟು.

ಸೂರ್ಯನ ಅತಿನೇರಳೆ ಕಿರಣಗಳು ಮತ್ತು ಕ್ಷ-ಕಿರಣಗಳು ಗಾಳಿಯ ಪರಮಾಣುವಿಗೆ ಬಡಿದು ಒಂದು ಎಲೆಕ್ಟ್ರಾನನ್ನು ಕಿತ್ತುಹಾಕುತ್ತವೆ. ಉಳಿದದ್ದು ಅಯಾನು. ಬಿಡಿ ಎಲೆಕ್ಟ್ರಾನು, ಅಯಾನುಗಳ ಈ ಮಿಶ್ರಣವೇ ಪ್ಲಾಸ್ಮಾ. ತೀರ ಮೇಲೆ ಕಿರಣಗಳಿಗೆ ಬರವಿಲ್ಲ, ಆದರೆ ಹೊಡೆಸಿಕೊಳ್ಳಲು ಪರಮಾಣುಗಳಿಲ್ಲ. ತೀರ ಕೆಳಗೆ ಪರಮಾಣುಗಳು ದಂಡಿಯಾಗಿವೆ, ಆದರೆ ಅಲ್ಲಿಗೆ ಬರುವ ಹೊತ್ತಿಗೆ ಕಿರಣಗಳು ಖರ್ಚಾಗಿರುತ್ತವೆ. ಹಾಗಾಗಿ ಅಯಾನುಗಳು ಅತಿ ಹೆಚ್ಚು ಹುಟ್ಟುವುದು ಇವೆರಡರ ನಡುವೆ ಒಂದು ಎತ್ತರದಲ್ಲಿ. 1931ರಲ್ಲಿ ಸಿಡ್ನಿ ಚಾಪ್ಮನ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ನನ್ನ ನೋಟ್ಸಿನಲ್ಲಿ ಇದ್ದ ಅರ್ಧ ಉತ್ತರ ಇದೇ.

ಆದರೆ ಹುಡುಗಿಯ ಪ್ರಶ್ನೆ ಇಷ್ಟಕ್ಕೆ ತಣಿಯುವಂಥದಲ್ಲ. ಅಯಾನುಗಳು ಹೆಚ್ಚು ಹುಟ್ಟುವುದು ಸುಮಾರು 150ರಿಂದ 180 ಕಿ.ಮೀ. ಎತ್ತರದಲ್ಲಿ. ಅವು ಅತಿ ದಟ್ಟವಾಗಿರುವುದು ಮಾತ್ರ ಸುಮಾರು 300 ಕಿ.ಮೀ. ಎತ್ತರದಲ್ಲಿ! ಹುಟ್ಟುವ ಊರು ಒಂದು, ಗುಂಪುಗೂಡುವ ಊರು ಇನ್ನೊಂದು.

ಇದನ್ನು ತಿಳಿಯಲು ನಮ್ಮ ಕೆರೆಗಳನ್ನು ನೆನೆಯಬೇಕು. ಕೆರೆಯಲ್ಲಿ ಎಷ್ಟು ನೀರು ನಿಂತಿದೆ ಎಂಬುದು ಎಷ್ಟು ನೀರು ಬರುತ್ತಿದೆ ಎಂಬುದರಿಂದಷ್ಟೇ ತೀರ್ಮಾನವಾಗುವುದಿಲ್ಲ. ತೂಬು ಎಷ್ಟು ತೆರೆದಿದೆ ಎಂಬುದೂ ಮುಖ್ಯ. ತುಂಬಿ ಹರಿಯುವ ಕಾಲುವೆ ಇದ್ದರೂ ತೂಬು ಪೂರಾ ತೆರೆದಿದ್ದರೆ ನೀರು ನಿಲ್ಲದು. ಸಣ್ಣಗೆ ಜಿನುಗುವ ಕಾಲುವೆಯಾದರೂ ತೂಬು ಮುಚ್ಚಿದ್ದರೆ ಕೆರೆ ತುಂಬುತ್ತದೆ.

ಅಯಾನುಮಂಡಲದಲ್ಲಿ ತೂಬು ಎಂದರೆ ಅಯಾನು ಮತ್ತು ಎಲೆಕ್ಟ್ರಾನು ಮತ್ತೆ ಕೂಡಿಕೊಳ್ಳುವುದು. ಕೆಳಗಿನ ಪದರಗಳಲ್ಲಿ ಅಯಾನುಗಳು ಅಣುರೂಪದವು, ಎರಡೆರಡು ಪರಮಾಣು ಸೇರಿದವು. ಅವು ಎಲೆಕ್ಟ್ರಾನನ್ನು ಹಿಡಿದ ಕೂಡಲೇ ಎರಡಾಗಿ ಒಡೆದು ಶಾಂತವಾಗುತ್ತವೆ. ಕೆಲಸ ಬೇಗ ಮುಗಿಯುತ್ತದೆ. ಮೇಲೆ, 300 ಕಿ.ಮೀ. ಎತ್ತರದಲ್ಲಿ, ಇರುವುದು ಹೆಚ್ಚಾಗಿ ಆಮ್ಲಜನಕದ ಒಂಟಿ ಪರಮಾಣುವಿನ ಅಯಾನು. ಒಂಟಿಯಾಗಿ ಅದಕ್ಕೆ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುವುದು ಬಲು ಕಷ್ಟ. ಮೊದಲು ಅದು ತನ್ನ ವಿದ್ಯುದಂಶವನ್ನು ಸಾರಜನಕದ್ದೋ ಆಮ್ಲಜನಕದ್ದೋ ಒಂದು ಅಣುವಿನ ಸಂಗಡ ಕೂಡಿ ದಾಟಿಸಬೇಕು. ಆ ಅಣುಗಳೇ ಅಲ್ಲಿ ಅಪರೂಪ. ಅವು ಭಾರವಾದ್ದರಿಂದ ಎತ್ತರ ಏರಿದಂತೆ ಬಹುಬೇಗ ಕಡಿಮೆಯಾಗುತ್ತವೆ. ಎಂದರೆ, ಮೇಲಕ್ಕೆ ಹೋದಂತೆ ಕಾಲುವೆಯ ನೀರು ಕಡಿಮೆಯಾಗುವುದು ನಿಜ. ಆದರೆ ತೂಬು ಅದಕ್ಕಿಂತ ಬೇಗ ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಗಾಳಿ ಕಡಿಮೆಯಾದರೂ ಪ್ಲಾಸ್ಮಾ ಹೆಚ್ಚುತ್ತದೆ.

ಅಂಕಿಗಳನ್ನು ನೋಡಿ. ಹಗಲಿನಲ್ಲಿ 80 ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಒಂದು ಘನ ಸೆಂಟಿಮೀಟರಿನಲ್ಲಿ, ಅಂದರೆ ಒಂದು ಕಡಲೆಬೀಜದ ಜಾಗದಲ್ಲಿ, ಸುಮಾರು ಸಾವಿರ ಎಲೆಕ್ಟ್ರಾನುಗಳು. 110 ಕಿ.ಮೀ.ಗೆ ಸುಮಾರು ಒಂದು ಲಕ್ಷ. 300 ಕಿ.ಮೀ.ಗೆ ಹತ್ತು ಲಕ್ಷದಷ್ಟು. ದೊಡ್ಡ ಸಂಖ್ಯೆ ಎನಿಸಿದರೂ ಇದು ಅಲ್ಲಿರುವ ತೆಳುಗಾಳಿಯ ಸಾವಿರದಲ್ಲಿ ಒಂದು ಪಾಲು ಮಾತ್ರ.

ಸೂರ್ಯ ಮುಳುಗಿದಾಗ ಏನಾಗುತ್ತದೆ? ಎಲ್ಲ ಕಾಲುವೆಗಳೂ ಬತ್ತುತ್ತವೆ. ತೂಬು ತೆರೆದಿರುವ ಕೆಳಗಿನ ಡಿ ಪದರ ನೋಡನೋಡುತ್ತಿದ್ದಂತೆ ಖಾಲಿ. ತೂಬು ಮುಚ್ಚಿರುವ ಮೇಲಿನ ಎಫ್ ಪದರ ಮಾತ್ರ ಸೊರಗಿದರೂ ಬೆಳಗಿನವರೆಗೆ ಉಳಿಯುತ್ತದೆ. ಈಗ ನಮ್ಮ ಮರ್ಫಿ ರೇಡಿಯೊಗೆ ಬನ್ನಿ. ತರಂಗವನ್ನು ಭೂಮಿಗೆ ಮರಳಿಸುವುದು ಮೇಲಿನ ಪದರ. ಅದನ್ನು ದಾರಿಯಲ್ಲೇ ನುಂಗುವುದು ಡಿ ಪದರ. ಅಲ್ಲಿ ಗಾಳಿ ಇನ್ನೂ ದಟ್ಟವಾಗಿದೆ. ತರಂಗ ಕುಣಿಸಿದ ಎಲೆಕ್ಟ್ರಾನುಗಳು ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ತರಂಗದ ಶಕ್ತಿಯನ್ನು ಹಾಳುಮಾಡುತ್ತವೆ. ಹಗಲಿನಲ್ಲಿ ಈ ಪದರ ಇರುತ್ತದೆ, ತಿರುಚಿ ಕೇಳುವುದಿಲ್ಲ. ರಾತ್ರಿ ಅದು ಕರಗುತ್ತದೆ, ತಿರುಚಿ ಕೇಳುತ್ತದೆ.

ಹಗಲೊತ್ತು ಮೇಲೆಲ್ಲಾ ಬಗ್ಗಡ, ರಾತ್ರಿ ತಿಳಿ. ಅಪ್ಪ ಹೇಳಿದ್ದರಲ್ಲಿ ಪದವಷ್ಟೇ ಬೇರೆ. ನಾನು ಈ ಪುಸ್ತಕ ಮುಚ್ಚುವ ಹೊತ್ತಿಗೆ ಅವರು ತೀರಿಕೊಂಡು ಆರು ವರ್ಷವಾಗಿತ್ತು.

ಬೋರ್ಡಿನ ಮೇಲೆ ನಾನು ಬರೆದ ಮೆಟ್ಟಿಲುಗಳಲ್ಲಿ ಇನ್ನೊಂದು ಕೊರತೆ ಇತ್ತು. ಎಫ್ ಪದರದ ಮೇಲೆ ಏನೂ ಬರೆದಿರಲಿಲ್ಲ. ಶಿಖರದ ಆಚೆ ಏನಿದೆ?

ಬಹುಕಾಲ ಇದು ಯಾರಿಗೂ ಕಂಡಿರಲಿಲ್ಲ. ಅಯಾನುಮಂಡಲವನ್ನು ಅಳೆಯುವ ಅಯನೊಸೋಂಡ್ ಎಂಬ ಉಪಕರಣ ಬೇರೆ ಬೇರೆ ಆವರ್ತನದ ರೇಡಿಯೊ ಮಿಡಿತಗಳನ್ನು ಮೇಲಕ್ಕೆ ಕಳಿಸಿ, ಅವು ಮರಳಿ ಬರುವ ಸಮಯ ಎಣಿಸುತ್ತದೆ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1950ರ ದಶಕದಲ್ಲೇ ಇಂಥ ಕೆಲಸ ನಡೆಯುತ್ತಿತ್ತು. ಪ್ಲಾಸ್ಮಾ ದಟ್ಟವಾದಷ್ಟೂ ಹೆಚ್ಚಿನ ಆವರ್ತನ ಮರಳುತ್ತದೆ. ಘನ ಸೆಂಟಿಮೀಟರಿಗೆ ಹತ್ತು ಲಕ್ಷ ಎಲೆಕ್ಟ್ರಾನುಗಳಿದ್ದರೆ ನೆಟ್ಟಗೆ ಕಳಿಸಿದ 9 ಮೆಗಾಹರ್ಟ್ಸ್ ವರೆಗಿನ ತರಂಗ ಹಿಂದಿರುಗುತ್ತದೆ. ಅದಕ್ಕಿಂತ ಹೆಚ್ಚಿನದು ಶಿಖರವನ್ನೇ ಸೀಳಿಕೊಂಡು ಹೊರಟುಹೋಗುತ್ತದೆ. ಮೇಲಿನ ಪ್ಲಾಸ್ಮಾ ಶಿಖರಕ್ಕಿಂತ ತೆಳು. ಶಿಖರ ದಾಟಿದ ತರಂಗವನ್ನು ಅದು ಹೇಗೆ ತಡೆದೀತು? ನಂದಿಬೆಟ್ಟದ ಈ ಬದಿ ನಿಂತವನಿಗೆ ಆ ಬದಿಯ ಇಳಿಜಾರು ಕಾಣದ ಹಾಗೆ.

ಕಾಣಬೇಕಾದರೆ ಮೇಲಿನಿಂದ ನೋಡಬೇಕು. 1962ರ ಸೆಪ್ಟೆಂಬರ್ 29ರಂದು ಹಾರಿದ ಕೆನಡಾದ ಅಲೂಯೆಟ್ ಉಪಗ್ರಹ ಸುಮಾರು 1000 ಕಿ.ಮೀ. ಎತ್ತರದಿಂದ ಕೆಳಮುಖವಾಗಿ ಮಿಡಿತ ಕಳಿಸಿ ಆ ಕೆಲಸ ಮಾಡಿತು. ನಮ್ಮ ಊರಿನ ಪಾಲೂ ಇದರಲ್ಲಿದೆ. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿ ಸುಮಾರು 600 ಕಿ.ಮೀ. ಎತ್ತರದಲ್ಲಿ ಸುತ್ತಿತು. ಅದು ಹೊತ್ತ ಮೂರು ಪ್ರಯೋಗಗಳಲ್ಲಿ ಒಂದು ಈ ಮೇಲ್ವಾತಾವರಣದ ಅಧ್ಯಯನ. ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಆದರೆ 1994ರ ಮೇ 4ರಂದು ಶ್ರೀಹರಿಕೋಟಾದಿಂದ ಹಾರಿದ ಸ್ರಾಸ್-ಸಿ2 ಉಪಗ್ರಹ ಆ ಕೊರತೆ ತುಂಬಿತು. ಬೆಂಗಳೂರಿನಲ್ಲಿ ತಯಾರಾದ ಇದು 430ರಿಂದ 630 ಕಿ.ಮೀ. ಎತ್ತರದ ನಡುವೆ ಸುತ್ತುತ್ತ, ಶಿಖರದ ಆಚೆಯ ಇಳಿಜಾರಿನಲ್ಲೇ ಓಡಾಡಿ, ಅಲ್ಲಿನ ಅಯಾನು, ಎಲೆಕ್ಟ್ರಾನುಗಳ ಸಾಂದ್ರತೆಯನ್ನೂ ಬಿಸಿಯನ್ನೂ ಅಳೆಯಿತು. 2001ರಲ್ಲಿ ವಾತಾವರಣಕ್ಕೆ ಇಳಿದು ಉರಿದುಹೋಯಿತು.

ಇಂಥ ಉಪಗ್ರಹಗಳಿಂದ ತಿಳಿದದ್ದೇನೆಂದರೆ, ಶಿಖರದ ಆಚೆ ಪ್ಲಾಸ್ಮಾ ಕಡಿಮೆಯಾಗುತ್ತದೆ, ಆದರೆ ನಿಧಾನವಾಗಿ. ಆ ಎತ್ತರದಲ್ಲಿ ಆಮ್ಲಜನಕದ ಸಾಮಾನ್ಯ ಪರಮಾಣುಗಳು ಸುಮಾರು 60 ಕಿ.ಮೀ. ಏರುವಷ್ಟರಲ್ಲಿ ಮೂರನೇ ಒಂದು ಭಾಗದಷ್ಟಾಗುತ್ತವೆ. ಅದೇ ಆಮ್ಲಜನಕದ ಅಯಾನುಗಳು ಅಷ್ಟು ಕಡಿಮೆಯಾಗಲು 120 ಕಿ.ಮೀ., ಕೆಲವೊಮ್ಮೆ ಇನ್ನೂ ಹೆಚ್ಚು ಏರಬೇಕು. ತೂಕ ಒಂದೇ, ಆದರೂ ಏಕೆ ಹೀಗೆ?

ಶಾಲೆಯ ಕ್ರೀಡಾದಿನದ ಮೂರು ಕಾಲಿನ ಓಟ ನೆನಪು ಮಾಡಿಕೊಳ್ಳಿ. ಒಬ್ಬ ದಡೂತಿ, ಇನ್ನೊಬ್ಬ ಸಣಕಲ. ಎಲೆಕ್ಟ್ರಾನು ಆಮ್ಲಜನಕದ ಅಯಾನಿಗಿಂತ ಸುಮಾರು 29 ಸಾವಿರ ಪಟ್ಟು ಹಗುರ. ಅದಕ್ಕೆ ಗುರುತ್ವದ ಹಂಗೇ ಇಲ್ಲವೆನ್ನಬಹುದು, ಮೇಲಕ್ಕೆ ಚಿಮ್ಮಿ ಹೋಗಲು ನೋಡುತ್ತದೆ. ಅಯಾನು ಭಾರ, ಕೆಳಗೆ ಕೂರಲು ನೋಡುತ್ತದೆ. ಆದರೆ ಒಂದು ಋಣ, ಇನ್ನೊಂದು ಧನ. ಸ್ವಲ್ಪ ಅಗಲಿದರೂ ವಿದ್ಯುದಾಕರ್ಷಣೆ ಎಳೆದು ತರುತ್ತದೆ. ಕಾಲು ಕಟ್ಟಿದ ಈ ಜೋಡಿಯಲ್ಲಿ ಒಬ್ಬನ ಭಾರವನ್ನು ಇಬ್ಬರು ಹಂಚಿಕೊಂಡಂತಾಗಿ, ತಲಾ ತೂಕ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಅವು ಎರಡರಷ್ಟು ಎತ್ತರಕ್ಕೆ ಹರಡುತ್ತವೆ. ಇನ್ನೂ ಮೇಲೆ, ಹಗಲಿನಲ್ಲಿ 1000 ಕಿ.ಮೀ. ಆಚೀಚೆ, ರಾತ್ರಿ ಇನ್ನೂ ಕೆಳಗೇ, ಆಮ್ಲಜನಕ ಹಿಂದೆ ಬಿದ್ದು ಅತಿ ಹಗುರವಾದ ಜಲಜನಕದ ಅಯಾನುಗಳ ರಾಜ್ಯ ಆರಂಭ. ಅಲ್ಲಿಂದ ಇಳಿಜಾರು ಮತ್ತಷ್ಟು ಸಪಾಟು. ಸಾವಿರಾರು ಕಿಲೋಮೀಟರ್ ಹೋದರೂ ಪ್ಲಾಸ್ಮಾ ಮುಗಿಯುವುದಿಲ್ಲ.

ದಕ್ಷಿಣ ಭಾರತದವರಾದ ನಮಗೆ ಇದರಲ್ಲಿ ಇನ್ನೊಂದು ವಿಶೇಷ ಉಂಟು. ಕಾಂತೀಯ ಸಮಭಾಜಕ ರೇಖೆ ತಿರುವನಂತಪುರದ ಬಳಿಯ ತುಂಬಾ ಸಮೀಪ ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ನಮ್ಮ ದೇಶದ ಮೊದಲ ರಾಕೆಟ್ಟನ್ನು ಅಲ್ಲಿಂದಲೇ ಹಾರಿಸಿದ್ದಕ್ಕೆ ಇದೇ ಕಾರಣ. ಈ ರೇಖೆಯ ಮೇಲೆ ಭೂಮಿಯ ಕಾಂತಬಲರೇಖೆಗಳು ಉತ್ತರ ದಕ್ಷಿಣವಾಗಿ ಅಡ್ಡ ಮಲಗಿರುತ್ತವೆ. ಹಗಲಿನಲ್ಲಿ ಅಲ್ಲಿ ಉಂಟಾಗುವ ಪೂರ್ವಮುಖಿ ವಿದ್ಯುತ್ ಕ್ಷೇತ್ರ ಅದರೊಡನೆ ಸೇರಿ ಪ್ಲಾಸ್ಮಾವನ್ನು ಮೇಲಕ್ಕೆ ಎತ್ತುತ್ತದೆ. ಮೇಲೇರಿದ್ದು ಕಾರಂಜಿಯ ನೀರಿನಂತೆ ಬಲರೇಖೆಗಳ ಗುಂಟ ಎರಡೂ ಕಡೆ ಜಾರಿ ಇಳಿಯುತ್ತದೆ. ಹೀಗಾಗಿ ಮಧ್ಯಾಹ್ನದ ನಂತರ ಪ್ಲಾಸ್ಮಾ ಅತಿ ದಟ್ಟವಾಗಿರುವುದು ನಮ್ಮ ತಲೆಯ ಮೇಲಲ್ಲ, ಅಹಮದಾಬಾದ್, ಭೋಪಾಲ್‌ಗಳ ಕಡೆ. ನಮ್ಮ ಮೇಲಿನ ಶಿಖರ ಮಾತ್ರ 400 ಕಿ.ಮೀ. ದಾಟುವುದುಂಟು.

ಇದರಿಂದ ನಮಗೇನು ಎಂದು ಕೇಳುವ ತಂದೆತಾಯಿಗಳು ತಮ್ಮ ಜೇಬಿನ ಫೋನು ನೋಡಿಕೊಳ್ಳಲಿ. ದಾರಿ ತೋರುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವುಗಳ ಸಂಕೇತ ಈ ಪ್ಲಾಸ್ಮಾವನ್ನೆಲ್ಲ ದಾಟಿ ಬರುವಾಗ ಕೊಂಚ ತಡವಾಗುತ್ತದೆ. ಆ ತಡವನ್ನು ಲೆಕ್ಕ ಹಿಡಿಯದಿದ್ದರೆ ಹಲವು ಮೀಟರುಗಳಷ್ಟು, ಕೆಲವೊಮ್ಮೆ ಹತ್ತಾರು ಮೀಟರುಗಳಷ್ಟು ತಪ್ಪು. ದಾರಿಯಲ್ಲಿ ಸಿಗುವ ಎಲೆಕ್ಟ್ರಾನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಿಖರದ ಆಚೆಯ, ಕೆಳಗಿನಿಂದ ಕಾಣದ ಆ ನಿಧಾನದ ಇಳಿಜಾರಿನಲ್ಲೇ ಇವೆ. ಇಳಿಯುವ ವಿಮಾನಕ್ಕೆ ಇಂಥ ತಪ್ಪು ಸಲ್ಲದು. ಆದ್ದರಿಂದ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ 'ಗಗನ್' ಎಂಬ ವ್ಯವಸ್ಥೆ ಕಟ್ಟಿದವು. ದೇಶದ 15 ಕಡೆ ಈ ತಡವನ್ನು ಅಳೆದು, ಬೆಂಗಳೂರಿನ ಕುಂದಲಹಳ್ಳಿಯ ನಿಯಂತ್ರಣ ಕೇಂದ್ರದಲ್ಲಿ ತಿದ್ದುಪಡಿ ಲೆಕ್ಕಹಾಕಿ, ಉಪಗ್ರಹದ ಮೂಲಕ ವಿಮಾನಗಳಿಗೆ ತಿಳಿಸುವ ವ್ಯವಸ್ಥೆ ಇದು. 2013ರ ಡಿಸೆಂಬರಿನಲ್ಲಿ ಇದಕ್ಕೆ ಮೊದಲ ಮಾನ್ಯತೆ ದೊರೆಯಿತು. 2015ರ ಏಪ್ರಿಲಿನಲ್ಲಿ ವಿಮಾನ ಇಳಿಸುವಾಗ ಎತ್ತರದ ಮಾರ್ಗದರ್ಶನಕ್ಕೂ ಮಾನ್ಯತೆ ಸಿಕ್ಕಿತು.

ಇಷ್ಟೆಲ್ಲ ಒಂದು ಹುಡುಗಿಯ ಪ್ರಶ್ನೆಯ ಒಳಗೆ ಇತ್ತು.

ಆ ತಿಂಗಳ ಕೊನೆಗೆ ಉತ್ತರದ ಮುಖ್ಯಭಾಗ ನನ್ನ ಕೈಯಲ್ಲಿತ್ತು. ಮರುದಿನವೇ ತರಗತಿಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. "ಅಂದು ನನಗೆ ಗೊತ್ತಿರಲಿಲ್ಲ" ಎಂದು ಐವತ್ತು ಮಕ್ಕಳ ಮುಂದೆ ಒಪ್ಪಿಕೊಳ್ಳುವುದು ಹೇಗೆ ಎಂಬ ಸಂಕೋಚ. ನಾಳೆ ಹೇಳಿದರಾಯಿತು, ಪರೀಕ್ಷೆ ಮುಗಿಯಲಿ, ಹತ್ತನೇ ತರಗತಿಗೆ ಬಂದಾಗ ಹೇಳೋಣ ಎಂದು ಮುಂದೂಡಿದೆ. ಅಷ್ಟು ದಿನವೂ ಅವಳು ಹಿಂದಿನ ಬೆಂಚಿನಲ್ಲೇ ಕೂತಿದ್ದಳು. ಮತ್ತೊಮ್ಮೆ ಏಳಲಿಲ್ಲ.

ಜೂನಿನಲ್ಲಿ ಶಾಲೆ ತೆರೆದಾಗ ಅವಳ ಹೆಸರಿಗೆ ಯಾರೂ 'ಪ್ರೆಸೆಂಟ್ ಸಾರ್' ಎನ್ನಲಿಲ್ಲ. ಟಿ.ಸಿ. ತೆಗೆದುಕೊಂಡು ಹೋಗಿದ್ದರಂತೆ. ತಂದೆಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಎಲ್ಲಿ ಎಂದು ಕಚೇರಿಯಲ್ಲಿ ವಿಚಾರಿಸಿದೆ. ಊರಿನ ಹೆಸರು ಸಿಕ್ಕಿತು, ಮನೆಯ ವಿಳಾಸ ಸಿಗಲಿಲ್ಲ.

ಅಂದಿನಿಂದ ನನ್ನ ಮೇಜಿನ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ಇದೆ. ನನಗೆ ಗೊತ್ತಿಲ್ಲದ ಪ್ರಶ್ನೆ ಬಂದರೆ ಕೇಳಿದವರ ಕೈಯಲ್ಲೇ ಅದರಲ್ಲಿ ಬರೆಸುತ್ತೇನೆ. "ನನಗೆ ಗೊತ್ತಿಲ್ಲ ಕಣಪ್ಪ, ಸೋಮವಾರ ನೋಡಿ ಹೇಳ್ತೀನಿ" ಎನ್ನುತ್ತೇನೆ. ಮೊದಲ ಸಲ ಹೀಗೆ ಹೇಳುವಾಗ ನಾಲಿಗೆ ತಡವರಿಸಿತು. ಮಕ್ಕಳು ನಕ್ಕಾರೆಂದು ಹೆದರಿದ್ದೆ. ಯಾರೂ ನಗಲಿಲ್ಲ. ಸೋಮವಾರ ಬರುತ್ತಲೇ ಜ್ಞಾಪಿಸಿದರು. ಈಗ ನಡೆಯುತ್ತಿರುವುದು ನಾಲ್ಕನೇ ನೋಟ್‌ಬುಕ್.

ಮನೆಯಲ್ಲಿ ಮಗು ಏನಾದರೂ ಕೇಳಿದಾಗ ನಿಮಗೆ ಉತ್ತರ ಗೊತ್ತಿರಲೇಬೇಕೆಂದಿಲ್ಲ. ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಬೀಡಿ ಆರಿಸಿ, ಸ್ವಲ್ಪ ಯೋಚಿಸಿ, ತಮಗೆ ತೋಚಿದ್ದನ್ನು ಹೇಳಿದರು. "ಸುಮ್ಮನೆ ಮಲಗೋ" ಎನ್ನಲಿಲ್ಲ.

ಮೊದಲನೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರುವುದು ಮಾತ್ರ ನನ್ನದೇ ಅಕ್ಷರ. 'ಇಲ್ಲದ ಗಾಳಿಯಿಂದ ಅಯಾನು ಎಲ್ಲಿಂದ ಬರುತ್ತೆ?' ಎಂದು ಬರೆದು ಕೆಳಗೆ ಜಾಗ ಬಿಟ್ಟಿದ್ದೆ. ಅವಳಿಗೀಗ ಇಪ್ಪತ್ತೆಂಟರ ಮೇಲಾಗಿರಬೇಕು. ಈ ಪುಟ ಅವಳ ಕಣ್ಣಿಗೆ ಬಿದ್ದರೆ, ಉತ್ತರ ಮೇಲಿದೆ ಅಮ್ಮ. ತಡವಾಯಿತು.